ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಓದಬೇಕಾ? ಮೊದಲ ಕಾಗದದಿಂದ ಮೊದಲ ಪರೀಕ್ಷೆಯವರೆಗೆ

‘ಜರ್ಮನಿಯಲ್ಲಿ ಓದು ಪೂರ್ತಿ ಉಚಿತ ಅಲ್ವಾ?’ ‘ಪಿಯುಸಿ ಆದ ತಕ್ಷಣ ಹೋಗಬಹುದಾ?’ ‘ಜರ್ಮನ್ ಬರದಿದ್ದರೂ ನಡೆಯುತ್ತಾ?’ ಈ ಮೂರು ಪ್ರಶ್ನೆ ಕೇಳದ ಓದುಗರೇ ಕಡಿಮೆ. ಮೂರಕ್ಕೂ ಒಂದೇ ಸಾಲಿನ ಉತ್ತರ ಕೊಟ್ಟರೆ ಅದು ತಪ್ಪಾಗುತ್ತದೆ. ಯಾವ ರಾಜ್ಯ, ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕೇ ಒಂದೇ ವಿಶ್ವವಿದ್ಯಾಲಯವನ್ನು ಹಿಡಿದು, ಮೊದಲಿನಿಂದ ಕೊನೆಯವರೆಗೆ ಬರೆಯುತ್ತಿದ್ದೇನೆ. ನೀವು ಬೇರೆ ಕಡೆ ಅರ್ಜಿ ಹಾಕಿದರೂ ಮುಕ್ಕಾಲು ಪಾಲು ಇದೇ ದಾರಿ.

ನಾನು ಆರಿಸಿಕೊಂಡಿರುವುದು ಟ್ಯೂಬಿಂಗನ್. ಪೂರ್ತಿ ಹೆಸರು ಎಬರ್‌ಹಾರ್ಡ್ ಕಾರ್ಲ್ಸ್ ವಿಶ್ವವಿದ್ಯಾಲಯ. ದಕ್ಷಿಣ ಜರ್ಮನಿಯ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ, ಸ್ಟುಟ್‌ಗಾರ್ಟ್‌ನ ದಕ್ಷಿಣಕ್ಕೆ, ನೆಕ್ಕರ್ ನದಿಯ ದಡದಲ್ಲಿದೆ. 1477ರಲ್ಲಿ ಶುರುವಾಯಿತು. ಊರಿನ ಜನಸಂಖ್ಯೆ ಸುಮಾರು 90 ಸಾವಿರ, ವಿದ್ಯಾರ್ಥಿಗಳೇ ಸುಮಾರು 28 ಸಾವಿರ. ಅಂದರೆ ಊರೇ ಒಂದು ಕ್ಯಾಂಪಸ್ ಇದ್ದ ಹಾಗೆ.

ಕನ್ನಡಿಗರಿಗೆ ಈ ಊರು ಹೊಸದೇನಲ್ಲ. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ ಓದಿದ್ದು ಟ್ಯೂಬಿಂಗನ್‌ನಲ್ಲಿ. ಅವರ ಕನ್ನಡದ ಕೆಲಸಕ್ಕೆ ಇದೇ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1894ರ ಕನ್ನಡ–ಇಂಗ್ಲಿಷ್ ನಿಘಂಟಿನ ಫರ್ಡಿನೆಂಡ್ ಕಿಟ್ಟೆಲ್ ಅವರಿಗೂ ಗೌರವ ಡಾಕ್ಟರೇಟ್ ಸಿಕ್ಕಿದ್ದು ಇಲ್ಲೇ. ಕಿಟ್ಟೆಲ್ 1903ರಲ್ಲಿ ತೀರಿಕೊಂಡಿದ್ದೂ ಈ ಊರಿನಲ್ಲೇ.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಟ್ಯೂಬಿಂಗನ್ ಸರ್ಕಾರಿ ಸಂಶೋಧನಾ ವಿಶ್ವವಿದ್ಯಾಲಯ. ಅಂದರೆ ನಡೆಸುವುದು ರಾಜ್ಯದ ಹಣದಲ್ಲಿ, ಪಾಠದಷ್ಟೇ ಮುಖ್ಯ ಸಂಶೋಧನೆ, ಪಿಎಚ್‌ಡಿ ಕೊಡುವ ಹಕ್ಕು ತನ್ನದೇ. ಜರ್ಮನಿಯಲ್ಲಿ ‘ಹೋಖ್‌ಶೂಲೆ’ ಅಥವಾ ‘ಫಾಖ್‌ಹೋಖ್‌ಶೂಲೆ’ ಎಂಬ ಇನ್ನೊಂದು ಬಗೆಯ ಸಂಸ್ಥೆಗಳೂ ಇವೆ. ಅಲ್ಲಿ ಪ್ರಾಯೋಗಿಕ ಕೆಲಸ, ಕಂಪನಿ ತರಬೇತಿ ಜಾಸ್ತಿ. ಅದೇನೂ ಕೀಳಲ್ಲ, ಉದ್ದೇಶ ಬೇರೆ ಅಷ್ಟೆ. ಇವೆರಡೂ ಅಲ್ಲದ ಮೂರನೆಯದು ಖಾಸಗಿ ಸಂಸ್ಥೆ. ‘ಜರ್ಮನಿ ಸೀಟು ಗ್ಯಾರಂಟಿ’ ಎನ್ನುವ ಏಜೆಂಟರು ಹೆಚ್ಚಾಗಿ ತೋರಿಸುವುದು ಇದನ್ನೇ. ‘ಹೋಖ್‌ಶೂಲ್‌ಕೊಂಪಾಸ್’ ಎಂಬ ಜಾಲತಾಣದಲ್ಲಿ ಪ್ರತಿ ಸಂಸ್ಥೆ ಸರ್ಕಾರಿಯೋ ಖಾಸಗಿಯೋ ಎಂದು ಬರೆದಿರುತ್ತದೆ. ಒಂದು ರೂಪಾಯಿ ಕೊಡುವ ಮೊದಲು ಅಲ್ಲಿ ನೋಡಿ.

ಹಂತ 1: ನಿಮ್ಮ ವಿಷಯಕ್ಕೆ ಈ ಜಾಗ ಸರಿಯಾ?

ರ‍್ಯಾಂಕಿಂಗ್ ಪಟ್ಟಿ ಪಕ್ಕಕ್ಕಿಡಿ. ಟ್ಯೂಬಿಂಗನ್ ಯಾವುದರಲ್ಲಿ ಗಟ್ಟಿ ಎಂದು ನೋಡಿ. ವೈದ್ಯಕೀಯ, ಜೀವವಿಜ್ಞಾನ, ನರವಿಜ್ಞಾನ, ಮಷಿನ್ ಲರ್ನಿಂಗ್, ಭೂವಿಜ್ಞಾನ, ಪುರಾತತ್ವ, ಭಾಷಾಶಾಸ್ತ್ರ, ತತ್ವಶಾಸ್ತ್ರ, ಧರ್ಮಶಾಸ್ತ್ರ ಇಲ್ಲಿನ ಬಲ. 1869ರಲ್ಲಿ ಫ್ರೀಡ್ರಿಕ್ ಮೀಷರ್ ಈ ಊರಿನ ಕೋಟೆಯ ಹಳೆಯ ಅಡುಗೆಮನೆಯಲ್ಲಿದ್ದ ಪ್ರಯೋಗಾಲಯದಲ್ಲಿ ಒಂದು ಹೊಸ ವಸ್ತು ಕಂಡುಹಿಡಿದರು. ಇವತ್ತು ನಾವು ಅದನ್ನು ಡಿಎನ್‌ಎ ಎನ್ನುತ್ತೇವೆ. ಈಗಲೂ ಊರಿನಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಗಳಿವೆ: ಒಂದು ಜೀವವಿಜ್ಞಾನಕ್ಕೆ, ಒಂದು ಜೈವಿಕ ಸೈಬರ್ನೆಟಿಕ್ಸ್‌ಗೆ, ಒಂದು ಬುದ್ಧಿವಂತ ವ್ಯವಸ್ಥೆಗಳಿಗೆ. ಮಾಸ್ಟರ್ಸ್ ಮಾಡುವಾಗ ಅಲ್ಲಿನ ಪ್ರಯೋಗಾಲಯಗಳಲ್ಲಿ ಪ್ರಾಜೆಕ್ಟ್ ಮಾಡುವ ದಾರಿಯೂ ಇದೆ. ನನ್ನ ಪ್ರಕಾರ ಟ್ಯೂಬಿಂಗನ್‌ಗೆ ಹೋಗಲು ಇರುವ ದೊಡ್ಡ ಕಾರಣ ಇದೇ.

ಮೆಕ್ಯಾನಿಕಲ್, ಸಿವಿಲ್, ಎಲೆಕ್ಟ್ರಿಕಲ್ ಓದಿದವರು ಇಲ್ಲಿಗೆ ಅರ್ಜಿ ಹಾಕಬೇಡಿ. ಆ ವಿಭಾಗಗಳು ಇಲ್ಲಿಲ್ಲ. ಅದೇ ರಾಜ್ಯದ ಸ್ಟುಟ್‌ಗಾರ್ಟ್ ಮತ್ತು ಕಾರ್ಲ್ಸ್‌ರೂಹೆ ನಿಮ್ಮ ಜಾಗ.

ಕೋರ್ಸ್ ಒಂದನ್ನು ಗುರುತಿಸಿದ ಮೇಲೆ ಅದರ ‘ಮೋಡುಲ್‌ಹಾಂಡ್‌ಬುಖ್’ ಹುಡುಕಿ. ಇದು ಪಠ್ಯಕ್ರಮದ ಕೈಪಿಡಿ. ಪ್ರತಿ ವಿಷಯದಲ್ಲಿ ಏನು ಕಲಿಸುತ್ತಾರೆ, ಪರೀಕ್ಷೆ ಹೇಗೆ, ಎಷ್ಟು ಕ್ರೆಡಿಟ್ ಎಂದೆಲ್ಲ ಇರುತ್ತದೆ. ಒಂದು ಸಂಜೆ ಕುಳಿತು ಪೂರ್ತಿ ಓದಿ. ಓದಿ ಮುಗಿಸಿದಾಗ ಆಸೆ ಜಾಸ್ತಿಯಾದರೆ ಮುಂದಿನ ಹಂತಕ್ಕೆ ಬನ್ನಿ. ಬೇಸರ ಬಂದರೆ ಆ ಕೋರ್ಸ್ ನಿಮ್ಮದಲ್ಲ. ಎರಡು ವರ್ಷ ಅದನ್ನೇ ಓದಬೇಕಲ್ವಾ?

ಹಂತ 2: ನಿಮಗೆ ಅರ್ಹತೆ ಇದೆಯಾ?

ಪಿಯುಸಿ ಮುಗಿಸಿದವರಿಗೆ ಮೊದಲು ಹೇಳಿಬಿಡುತ್ತೇನೆ. ಜರ್ಮನಿಯಲ್ಲಿ ಶಾಲೆ 12 ಅಥವಾ 13 ವರ್ಷ, ಕೊನೆಯ ಪರೀಕ್ಷೆಯ ಹೆಸರು ‘ಅಬಿಟುರ್’. ನಮ್ಮ ದ್ವಿತೀಯ ಪಿಯುಸಿಯನ್ನು ಸಾಮಾನ್ಯವಾಗಿ ಅದಕ್ಕೆ ಸಮ ಎಂದು ಎಣಿಸುವುದಿಲ್ಲ. ನಿಮಗೆ ಮೂರು ದಾರಿ ಇವೆ. ‘ಸ್ಟುಡಿಯೆನ್‌ಕೊಲೆಗ್’ ಎಂಬ ಒಂದು ವರ್ಷದ ತಯಾರಿ ಕೋರ್ಸ್ ಮಾಡಿ ಪರೀಕ್ಷೆ ಪಾಸಾಗಬಹುದು. ಅದು ಟ್ಯೂಬಿಂಗನ್‌ನಲ್ಲಿ ಇಲ್ಲ. ಈ ರಾಜ್ಯದಲ್ಲಿ ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆಯಂಥ ಊರುಗಳಲ್ಲಿದೆ. ಅಥವಾ ಭಾರತದಲ್ಲೇ ಮಾನ್ಯತೆ ಇರುವ ವಿಶ್ವವಿದ್ಯಾಲಯದಲ್ಲಿ ಪದವಿಯ ಮೊದಲ ವರ್ಷ ಪೂರ್ತಿ ಪಾಸಾಗಿ, ಅದೇ ವಿಷಯಕ್ಕೆ ಅರ್ಜಿ ಹಾಕಬಹುದು. ಜೆಇಇ ಅಡ್ವಾನ್ಸ್‌ಡ್ ಪಾಸಾದವರಿಗೆ ತಾಂತ್ರಿಕ ಮತ್ತು ವಿಜ್ಞಾನ ವಿಷಯಗಳಿಗೆ ನೇರ ದಾರಿ ಇದೆ. ಯಾವ ದಾರಿ ಹಿಡಿದರೂ ಇಲ್ಲಿನ ಬ್ಯಾಚುಲರ್ ಕೋರ್ಸ್‌ಗಳ ಪಾಠ ಬಹುಪಾಲು ಜರ್ಮನ್‌ನಲ್ಲೇ ನಡೆಯುತ್ತದೆ. ಅದಕ್ಕೆ ಬೇಕಾಗುವಷ್ಟು ಭಾಷೆ ಕಲಿಯಲು ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯಬಹುದು.

ಕರ್ನಾಟಕದಿಂದ ಹೋಗುವ ಬಹಳಷ್ಟು ಮಂದಿ ಮಾಸ್ಟರ್ಸ್‌ಗೆ ಹೋಗುತ್ತಾರೆ. ಹಾಗಾಗಿ ಮುಂದಿನದೆಲ್ಲ ಅವರಿಗಾಗಿ.

‘ಅನಾಬಿನ್’ ಎಂಬುದು ಜರ್ಮನ್ ಸರ್ಕಾರಿ ದತ್ತಾಂಶ ಕೋಶ. ನೀವು ಓದಿದ ವಿಶ್ವವಿದ್ಯಾಲಯದ ಹೆಸರು ಹಾಕಿ. ಪಕ್ಕದಲ್ಲಿ ‘ಎಚ್ ಪ್ಲಸ್’ ಎಂದಿದ್ದರೆ ಮಾನ್ಯತೆ ಇದೆ ಎಂದರ್ಥ. ಇಲ್ಲಿ ಕಾಲೇಜಿನ ಹೆಸರು ಹುಡುಕಬೇಡಿ. ಪದವಿ ಪ್ರಮಾಣಪತ್ರ ಕೊಟ್ಟ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರ ಪದವಿ ಕೊಡುವುದು ವಿಟಿಯು. ಕಾಲೇಜಿನ ಹೆಸರು ಸಿಗಲಿಲ್ಲ ಎಂದು ಸುಮ್ನೆ ಹೆದರುವವರು ತುಂಬಾ ಜನ.

ಆಮೇಲೆ ಅಂಕ ಬದಲಾಯಿಸಿಕೊಳ್ಳಿ. ಜರ್ಮನಿಯಲ್ಲಿ 1.0 ಅತ್ಯುತ್ತಮ, 4.0 ಪಾಸು, ಅದಕ್ಕಿಂತ ಹೆಚ್ಚಾದರೆ ಫೇಲು. ನಮ್ಮದಕ್ಕೆ ತಲೆಕೆಳಗು. ‘ಬವೇರಿಯನ್ ಸೂತ್ರ’ ಎಂಬ ಲೆಕ್ಕ ಇದೆ: ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಅಂಕ ಮತ್ತು ಪಾಸಿನ ಅಂಕದ ನಡುವಿನ ವ್ಯತ್ಯಾಸದಿಂದ ಭಾಗಿಸಿ. 3ರಿಂದ ಗುಣಿಸಿ 1 ಕೂಡಿಸಿ. ನಿಮ್ಮದು 10ಕ್ಕೆ 8 ಸಿಜಿಪಿಎ, ಪಾಸಿಗೆ 4 ಬೇಕು ಎಂದಿಟ್ಟುಕೊಳ್ಳಿ. ಆಗ 2.0 ಬರುತ್ತದೆ. ಅದೇ ಪಾಸಿಗೆ 5 ಬೇಕಿದ್ದರೆ 2.2. ಪಾಸಿನ ಅಂಕ ಎಷ್ಟು ಎಂಬುದೇ ಫಲಿತಾಂಶ ಬದಲಿಸುತ್ತದೆ. ಊಹೆ ಮಾಡಬೇಡಿ, ನಿಮ್ಮ ವಿಶ್ವವಿದ್ಯಾಲಯದ ನಿಯಮದಲ್ಲಿ ನೋಡಿ.

ಇನ್ನೊಂದು ಎಡವಟ್ಟು ಕ್ರೆಡಿಟ್‌ದು. ಯುರೋಪಿನ ಕ್ರೆಡಿಟ್‌ಗೆ ‘ಇಸಿಟಿಎಸ್’ ಎನ್ನುತ್ತಾರೆ. ಒಂದು ಕ್ರೆಡಿಟ್ ಎಂದರೆ 25ರಿಂದ 30 ಗಂಟೆಯ ಓದು, ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ನಮ್ಮ ಕ್ರೆಡಿಟ್ ಅದಕ್ಕೆ ಸಮವಲ್ಲ. ಕೆಲವು ಕೋರ್ಸ್‌ಗಳು ‘ಇಷ್ಟು ಗಣಿತ ಓದಿರಲೇಬೇಕು’ ಎಂದು ಷರತ್ತು ಹಾಕುತ್ತವೆ. ಒಟ್ಟು ಅಂಕ ಚೆನ್ನಾಗಿದ್ದೂ ಇಲ್ಲಿ ಅರ್ಜಿ ಬಿದ್ದುಹೋಗಬಹುದು. ನಿಮ್ಮ ಪ್ರತಿ ವಿಷಯದ ಪಠ್ಯಕ್ರಮವನ್ನು ಪಿಡಿಎಫ್ ಆಗಿ ಈಗಲೇ ಇಳಿಸಿಟ್ಟುಕೊಳ್ಳಿ. ಅನುಮಾನ ಇದ್ದರೆ ಆ ಕೋರ್ಸ್‌ನ ಸಂಯೋಜಕರಿಗೆ ನಾಲ್ಕೇ ಸಾಲಿನ ಇಮೇಲ್ ಬರೆಯಿರಿ. ಜಾಲತಾಣದಲ್ಲೇ ಉತ್ತರ ಇರುವ ಪ್ರಶ್ನೆ ಮಾತ್ರ ಕೇಳಬೇಡಿ.

ಹಂತ 3: ಹೆಸರು ಸರಿಮಾಡಿಕೊಳ್ಳಿ, ಎಪಿಎಸ್ ಪಡೆಯಿರಿ

ನಮ್ಮವರಿಗೆ ಜಾಸ್ತಿ ಕಾಟ ಕೊಡುವುದು ಇನಿಷಿಯಲ್. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ‘ಮಂಜುನಾಥ ಕೆ ಆರ್’, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಬರೆದ ಉದ್ದ ಹೆಸರು, ಪದವಿಯಲ್ಲಿ ಬರೀ ‘ಮಂಜುನಾಥ’. ನಮಗೆ ಇದೆಲ್ಲ ಒಬ್ಬನೇ. ಜರ್ಮನ್ ಕಚೇರಿಗೆ ಇವರು ಮೂರು ಜನ. ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಬಿಟ್ಟಿದ್ದರೂ ಮುಂದೆ ಬ್ಯಾಂಕು, ವಿಮೆ, ಬಾಡಿಗೆ ಕರಾರು ಎಲ್ಲ ಕಡೆ ತೊಂದರೆ. ಬೇರೆ ಏನೂ ಶುರು ಮಾಡುವ ಮೊದಲು ಪಾಸ್‌ಪೋರ್ಟ್ ಸರಿಮಾಡಿಸಿ. ಮಾರ್ಕ್ಸ್ ಕಾರ್ಡ್ ಬದಲಿಸಲು ಆಗದಿದ್ದರೆ, ಎರಡೂ ಹೆಸರು ಒಬ್ಬರದೇ ಎಂದು ನೋಟರಿ ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ. ಅರ್ಜಿಗಳಲ್ಲೆಲ್ಲ ಪಾಸ್‌ಪೋರ್ಟಿನಲ್ಲಿರುವ ಹಾಗೆಯೇ ಬರೆಯಿರಿ.

ಎಪಿಎಸ್ ಎಂದರೆ ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಪ್ರಮಾಣಪತ್ರ ಕೊಡುವ ಕಚೇರಿ. ಭಾರತದ ವಿದ್ಯಾರ್ಥಿಗಳಿಗೆ 2022ರ ನವೆಂಬರ್‌ನಿಂದ ಇದು ಕಡ್ಡಾಯ. ಇದಿಲ್ಲದೆ ವಿದ್ಯಾರ್ಥಿ ವೀಸಾ ಇಲ್ಲ. ಶುಲ್ಕ 18,000 ರೂಪಾಯಿ. ಕೆಲವು ವಿದ್ಯಾರ್ಥಿವೇತನ ಪಡೆದವರಿಗೆ ವಿನಾಯಿತಿ ಇದೆ. ಅರ್ಜಿ ಹಾಕುವ ಹಿಂದಿನ ವರ್ಷವೇ ಇದನ್ನು ಶುರು ಮಾಡಿ. ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ಸೆಮಿಸ್ಟರಿನ ಅಂಕಗಳ ಒಟ್ಟು ಪಟ್ಟಿ, ನಮ್ಮ ವಿಶ್ವವಿದ್ಯಾಲಯಗಳಿಂದ ಕೈಗೆ ಬರುವಷ್ಟರಲ್ಲೇ ವಾರಗಳು ಕಳೆಯುತ್ತವೆ. ಒಂದೇ ಸಲಕ್ಕೆ ನಾಲ್ಕೈದು ಪ್ರತಿ ತೆಗೆಸಿಟ್ಟುಕೊಳ್ಳಿ.

ಹಂತ 4: ಭಾಷೆ

ಟ್ಯೂಬಿಂಗನ್‌ನಲ್ಲಿ ಮಷಿನ್ ಲರ್ನಿಂಗ್, ನರವಿಜ್ಞಾನ, ಕಂಪ್ಯುಟೇಷನಲ್ ಲಿಂಗ್ವಿಸ್ಟಿಕ್ಸ್‌ನಂಥ ಮಾಸ್ಟರ್ಸ್ ಕೋರ್ಸ್‌ಗಳು ಇಂಗ್ಲಿಷ್‌ನಲ್ಲಿವೆ. ಅವಕ್ಕೆ ಐಇಎಲ್‌ಟಿಎಸ್ ಅಥವಾ ಟೋಫೆಲ್‌ನಂಥ ಪರೀಕ್ಷೆಯ ಅಂಕ ಬೇಕು. ‘ನಾನು ಓದಿದ್ದು ಇಂಗ್ಲಿಷ್ ಮೀಡಿಯಂ’ ಎಂಬ ಕಾಲೇಜಿನ ಪತ್ರವನ್ನು ಎಲ್ಲ ಕಡೆ ಒಪ್ಪುವುದಿಲ್ಲ. ಅದನ್ನೇ ನಂಬಿ ಕೂರಬೇಡಿ.

ಜರ್ಮನ್‌ನಲ್ಲಿ ನಡೆಯುವ ಕೋರ್ಸ್‌ಗಳಿಗೆ ‘ಡಿಎಸ್‌ಎಚ್-2’ ಅಥವಾ ‘ಟೆಸ್ಟ್‌ಡಾಫ್’ ಪರೀಕ್ಷೆಯ ನಾಲ್ಕೂ ಭಾಗದಲ್ಲಿ 4ನೇ ದರ್ಜೆ ಸಾಮಾನ್ಯವಾಗಿ ಬೇಕು. ಇವೆರಡೂ ವಿಶ್ವವಿದ್ಯಾಲಯ ಮಟ್ಟದ ಜರ್ಮನ್ ಪರೀಕ್ಷೆಗಳು.

ಇಂಗ್ಲಿಷ್ ಕೋರ್ಸ್ ಸಿಕ್ಕಿತೆಂದು ಜರ್ಮನ್ ಬಿಟ್ಟುಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಮನೆ ಮಾಲೀಕರು, ಡಾಕ್ಟರ ಸಹಾಯಕರು, ಕಚೇರಿಯ ಪತ್ರ ಎಲ್ಲ ಜರ್ಮನ್. ಈ ಭಾಗದಲ್ಲಿ ‘ಶ್ವೇಬಿಷ್’ ಎಂಬ ಆಡುನುಡಿ ಬೇರೆ ಇದೆ. ಧಾರವಾಡದ ಮಾತು ಮೊದಲ ಸಲ ಕೇಳಿದ ಮೈಸೂರಿನವರ ಹಾಗೆ ಸ್ವಲ್ಪ ದಿನ ಕಿವಿ ಕೊಟ್ಟು ಕೇಳಬೇಕಾಗುತ್ತದೆ. ಹೊರಡುವ ಮೊದಲು ಎ2, ಅಂದರೆ ಭಾಷೆ ಕಲಿಕೆಯ ಎರಡನೇ ಹಂತ ಮುಗಿಸಿ. ಬೆಂಗಳೂರಿನ ಇಂದಿರಾನಗರದಲ್ಲಿ ಗೋಥೆ ಇನ್‌ಸ್ಟಿಟ್ಯೂಟ್, ಅಂದರೆ ಮ್ಯಾಕ್ಸ್ ಮುಲ್ಲರ್ ಭವನ ಇದೆ. ದೂರದ ಊರಿನವರಿಗೆ ಆನ್‌ಲೈನ್ ತರಗತಿಗಳೂ ಇವೆ.

ಹಂತ 5: ಅರ್ಜಿ

ಬಹಳ ಜರ್ಮನ್ ವಿಶ್ವವಿದ್ಯಾಲಯಗಳು ‘ಯೂನಿ-ಅಸಿಸ್ಟ್’ ಎಂಬ ಸಾಮಾನ್ಯ ಕೇಂದ್ರದ ಮೂಲಕ ಅರ್ಜಿ ಪಡೆಯುತ್ತವೆ, ಅದಕ್ಕೆ ಶುಲ್ಕವೂ ಇದೆ. ಟ್ಯೂಬಿಂಗನ್‌ಗೆ ‘ಆಲ್ಮಾ’ ಎಂಬ ತನ್ನದೇ ಪೋರ್ಟಲ್ ಇದೆ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು, ಬೇಸಿಗೆಯದು ಏಪ್ರಿಲ್ 1ಕ್ಕೆ. ಬಹಳಷ್ಟು ಕೋರ್ಸ್‌ಗಳಿಗೆ ಚಳಿಗಾಲದಲ್ಲಿ ಮಾತ್ರ ಪ್ರವೇಶ. ‘ಜರ್ಮನಿಯಲ್ಲಿ ಕೊನೆಯ ದಿನ ಜುಲೈ 15’ ಎಂಬ ಮಾತು ಎಲ್ಲ ಕಡೆ ಹರಿದಾಡುತ್ತದೆ. ಇಂಗ್ಲಿಷ್ ಮಾಸ್ಟರ್ಸ್‌ಗಳ ಕೊನೆಯ ದಿನ ಅದಕ್ಕಿಂತ ತಿಂಗಳುಗಳ ಮೊದಲೇ ಇರಬಹುದು. ಪ್ರತಿ ಕೋರ್ಸ್‌ನ ಪುಟದಲ್ಲಿ, ಪ್ರತಿ ವರ್ಷ, ಹೊಸದಾಗಿ ನೋಡಿ.

ಕೋರ್ಸ್ ಪುಟದಲ್ಲಿ ಎರಡು ಪದ ಕಾಣಿಸುತ್ತವೆ. ‘ಟ್ಸುಲಾಸುಂಗ್ಸ್‌ಫ್ರೈ’ ಎಂದರೆ ಅರ್ಹತೆ ಇದ್ದವರಿಗೆಲ್ಲ ಸೀಟು. ‘ಟ್ಸುಲಾಸುಂಗ್ಸ್‌ಬೆಶ್ರೆಂಕ್ಟ್’ ಎಂದರೆ ಸೀಟು ಲೆಕ್ಕದಷ್ಟೇ, ಪೈಪೋಟಿ ಇದೆ.

ಮೋಟಿವೇಷನ್ ಪತ್ರ ಕೇಳಿದರೆ ‘ಚಿಕ್ಕಂದಿನಿಂದ ನನಗೆ ವಿಜ್ಞಾನ ಎಂದರೆ ಪ್ರಾಣ’ ಎಂದು ಶುರು ಮಾಡಬೇಡಿ. ಕೈಪಿಡಿ ಓದಿದ್ದೀರಲ್ವಾ? ಅದರಲ್ಲಿ ಯಾವ ವಿಷಯ, ಯಾವ ಪ್ರಯೋಗಾಲಯದ ಕೆಲಸ ನಿಮ್ಮ ಪ್ರಾಜೆಕ್ಟಿಗೆ ಹೊಂದುತ್ತದೆ ಎಂದು ಬರೆಯಿರಿ. ಒಂದು ಪುಟ ಸಾಕು. ಏಜೆಂಟ್ ಬರೆದುಕೊಟ್ಟ ಪತ್ರ ಕಳಿಸಬೇಡಿ. ಪೋರ್ಟಲ್‌ನ ಪಾಸ್‌ವರ್ಡ್, ಇಮೇಲ್ ಎರಡೂ ನಿಮ್ಮ ಕೈಯಲ್ಲೇ ಇರಲಿ. ಪ್ರವೇಶ ಪತ್ರ ಏಜೆಂಟರ ಇಮೇಲ್‌ಗೆ ಬಂದು, ಒಪ್ಪಿಗೆ ಕೊಡುವ ದಿನ ದಾಟಿಹೋದರೆ ಸೀಟೇ ಹೋಗುತ್ತದೆ.

ಹಂತ 6: ಹಣ

ಈಗ ಮೊದಲ ಪ್ರಶ್ನೆಗೆ ಉತ್ತರ. ಜರ್ಮನಿಯ ಹೆಚ್ಚಿನ ರಾಜ್ಯಗಳಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ಟ್ಯೂಷನ್ ಶುಲ್ಕ ಪಡೆಯುವುದಿಲ್ಲ, ನಿಜ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ 2017ರ ಚಳಿಗಾಲದ ಸೆಮಿಸ್ಟರಿನಿಂದ ಯುರೋಪಿಯನ್ ಒಕ್ಕೂಟದ ಹೊರಗಿನವರಿಂದ ಸೆಮಿಸ್ಟರಿಗೆ 1,500 ಯೂರೊ ಪಡೆಯುತ್ತಿದೆ. ಅಂದರೆ ಎರಡು ವರ್ಷದ ಮಾಸ್ಟರ್ಸ್‌ಗೆ 6,000 ಯೂರೊ. ಟ್ಯೂಬಿಂಗನ್‌ಗೂ ಇದು ಅನ್ವಯ. ಪಿಎಚ್‌ಡಿ ಮಾಡುವವರಿಗೆ ಈ ಶುಲ್ಕ ಇಲ್ಲ. ಇದರ ಮೇಲೆ ‘ಸೆಮೆಸ್ಟರ್‌ಬೈಟ್ರಾಗ್’ ಎಂಬ ಚಿಕ್ಕ ಮೊತ್ತ ಎಲ್ಲರೂ ಪ್ರತಿ ಸೆಮಿಸ್ಟರ್ ಕಟ್ಟಬೇಕು. ಅದು ವಿದ್ಯಾರ್ಥಿ ಸೌಲಭ್ಯಗಳಿಗೆ.

ಖರ್ಚಿಗೆ ಹಣ ಇದೆ ಎಂದು ತೋರಿಸಲು ‘ಶ್ಪೆರ್‌ಕೊಂಟೊ’ ಬೇಕು. ಇದು ಬ್ಲಾಕ್ ಮಾಡಿದ ಖಾತೆ. 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ ಇಡಬೇಕು. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೊ ನಿಮ್ಮ ಖಾತೆಗೆ ಬರುತ್ತದೆ. ಈ ಮೊತ್ತ ಆಗಾಗ ಏರುತ್ತದೆ, ಹಾಗಾಗಿ ಖಾತೆ ತೆರೆಯುವ ದಿನ ಮತ್ತೆ ನೋಡಿ. ಇದು ಊಟ, ಬಾಡಿಗೆ, ವಿಮೆಯ ಖರ್ಚು. ವರ್ಷದ ಟ್ಯೂಷನ್‌ನ 3,000 ಯೂರೊವನ್ನು ಇದರ ಹೊರಗೇ ಲೆಕ್ಕ ಹಾಕಿ. ಸಾಲ ಮಾಡುವ ಮನೆಗಳಲ್ಲಿ ಈ ಒಂದು ತಪ್ಪು ಲೆಕ್ಕ ಎರಡನೇ ಸೆಮಿಸ್ಟರಿನಲ್ಲಿ ಕತ್ತು ಹಿಡಿಯುತ್ತದೆ.

ಓದುತ್ತಾ ದುಡಿದು ಎಲ್ಲ ತೀರಿಸುತ್ತೇನೆ ಎಂಬ ಲೆಕ್ಕ ಬೇಡ. ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಲು ಅನುಮತಿ ಇದೆ. ವಿಶ್ವವಿದ್ಯಾಲಯದೊಳಗೆ ಪ್ರೊಫೆಸರರ ಬಳಿ ಮಾಡುವ ಸಹಾಯಕ ಕೆಲಸಕ್ಕೆ ‘ಹೀವಿ’ ಎನ್ನುತ್ತಾರೆ, ಅದು ಈ ಮಿತಿಗೆ ಸೇರುವುದಿಲ್ಲ. ಆದರೆ ಚಿಕ್ಕ ಊರು, ಕೆಲಸಗಳೂ ಕಡಿಮೆ. ಮೊದಲ ಸೆಮಿಸ್ಟರಿನ ಆದಾಯ ಸೊನ್ನೆ ಎಂದೇ ಬರೆದುಕೊಳ್ಳಿ.

ಹಂತ 7: ವಿಮೆ ಮತ್ತು ವೀಸಾ

ಆರೋಗ್ಯ ವಿಮೆ ಇಲ್ಲದೆ ವಿಶ್ವವಿದ್ಯಾಲಯ ನಿಮ್ಮನ್ನು ದಾಖಲು ಮಾಡಿಕೊಳ್ಳುವುದಿಲ್ಲ. 30 ವರ್ಷದೊಳಗಿನವರಿಗೆ ಸಾರ್ವಜನಿಕ ವಿಮೆಯಲ್ಲಿ ವಿದ್ಯಾರ್ಥಿ ದರ ಇದೆ. ಖಾಸಗಿ ವಿಮೆ ಅಗ್ಗವಾಗಿ ಕಾಣುತ್ತದೆ. ಆದರೆ ಸಾರ್ವಜನಿಕ ವಿಮೆ ಬೇಡ ಎಂದು ಒಮ್ಮೆ ವಿನಾಯಿತಿ ಬರೆದುಕೊಟ್ಟರೆ ಓದು ಮುಗಿಯುವವರೆಗೆ ಹಿಂದಿರುಗಲು ಆಗುವುದಿಲ್ಲ. ಅವಸರದಲ್ಲಿ ಸಹಿ ಹಾಕಬೇಡಿ.

ಕರ್ನಾಟಕದವರ ವೀಸಾ ಅರ್ಜಿ ನೋಡುವುದು ಬೆಂಗಳೂರಿನ ಜರ್ಮನ್ ಕಾನ್ಸುಲೇಟ್. ನಿಮಗೆ ಬೇಕಾಗಿರುವುದು ‘ನ್ಯಾಷನಲ್ ವೀಸಾ’, ಅಂದರೆ ದೀರ್ಘಕಾಲ ಇರಲು ಕೊಡುವ ವೀಸಾ. ಶುಲ್ಕ 75 ಯೂರೊ, ರೂಪಾಯಿಯಲ್ಲಿ ಕಟ್ಟಬೇಕು. ಪ್ರವಾಸಿ ವೀಸಾದಲ್ಲಿ ಹೋಗಿ ಅಲ್ಲಿ ಬದಲಿಸಿಕೊಳ್ಳುತ್ತೇನೆ ಎಂದುಕೊಂಡರೆ ವಾಪಸ್ ಬರಬೇಕಾಗುತ್ತದೆ. ಪ್ರವೇಶ ಪತ್ರ ಬಂದ ವಾರವೇ ಅರ್ಜಿ ಹಾಕಿ. ಚಳಿಗಾಲದ ಸೆಮಿಸ್ಟರಿಗೆ ಮೊದಲಿನ ತಿಂಗಳುಗಳಲ್ಲಿ ಸರತಿ ಉದ್ದ.

ಹಂತ 8: ಮನೆ

ಟ್ಯೂಬಿಂಗನ್‌ನಲ್ಲಿ ಸೀಟಿಗಿಂತ ಕಷ್ಟ ಕೋಣೆ. ಊರು ಚಿಕ್ಕದು, ವಿದ್ಯಾರ್ಥಿಗಳು ಜಾಸ್ತಿ. ವಿದ್ಯಾರ್ಥಿ ನಿಲಯಗಳನ್ನು ನಡೆಸುವುದು ‘ಸ್ಟುಡೀರೆಂಡೆನ್‌ವೆರ್ಕ್’ ಎಂಬ ಸಂಸ್ಥೆ. ಅದರ ದೊಡ್ಡ ನಿಲಯಗಳು ವಾಲ್ಡ್‌ಹೊಯ್ಸರ್ ಓಸ್ಟ್ ಎಂಬ ಗುಡ್ಡದ ಮೇಲಿವೆ. ಪ್ರವೇಶ ಸಿಕ್ಕ ದಿನವೇ ಅಲ್ಲಿ ಅರ್ಜಿ ಹಾಕಿ. ಜೊತೆಗೆ ‘ವೇಗೇ’ ಹುಡುಕಿ, ಅಂದರೆ ನಾಲ್ಕೈದು ಜನ ಹಂಚಿಕೊಂಡಿರುವ ಮನೆ. ಸಿಗದಿದ್ದರೆ ರೈಲು ದಾರಿಯಲ್ಲಿರುವ ರಾಯ್ಟ್‌ಲಿಂಗನ್, ರೊಟ್ಟೆನ್‌ಬುರ್ಗ್ ಊರುಗಳಲ್ಲಿ ನೋಡಿ.

ಬಾಡಿಗೆ ಜಾಹೀರಾತಿನಲ್ಲಿ ‘ಕಾಲ್ಟ್’ ಎಂದಿದ್ದರೆ ಬರೀ ಕೋಣೆಯ ಬಾಡಿಗೆ. ‘ವಾರ್ಮ್’ ಎಂದಿದ್ದರೆ ಹೀಟರ್, ನೀರು ಸೇರಿ. ಎರಡರ ನಡುವೆ ಒಳ್ಳೆಯ ಅಂತರ ಇರುತ್ತದೆ. ಅಡ್ವಾನ್ಸ್‌ಗೆ ‘ಕೌಟ್ಸಿಯೋನ್’ ಎನ್ನುತ್ತಾರೆ. ಕಾನೂನಿನ ಪ್ರಕಾರ ಮೂರು ತಿಂಗಳ ಕಾಲ್ಟ್ ಬಾಡಿಗೆಗಿಂತ ಜಾಸ್ತಿ ಕೇಳುವಂತಿಲ್ಲ.

‘ನಾನು ಈಗ ಹೊರದೇಶದಲ್ಲಿದ್ದೇನೆ, ಹಣ ಕಳಿಸಿ, ಬೀಗದ ಕೈ ಪೋಸ್ಟಿನಲ್ಲಿ ಬರುತ್ತದೆ’ ಎಂದು ಯಾರಾದರೂ ಬರೆದರೆ ಅದು ಮೋಸ. ಕೋಣೆ ನೋಡದೆ, ಕನಿಷ್ಠ ವಿಡಿಯೊ ಕರೆಯಲ್ಲಾದರೂ ಮನೆಯವರ ಜೊತೆ ಮಾತಾಡದೆ ಒಂದು ಪೈಸೆ ಕಳಿಸಬೇಡಿ. ದೂರದ ದೇಶದಿಂದ ಬರುವವರನ್ನೇ ಇಂಥವರು ಹುಡುಕುತ್ತಾರೆ.

ಹಂತ 9: ಮೊದಲ ವಾರಗಳು ಮತ್ತು ಮೊದಲ ಪರೀಕ್ಷೆ

ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಿ. ಇದಕ್ಕೆ ‘ಆನ್‌ಮೆಲ್ಡುಂಗ್’ ಎನ್ನುತ್ತಾರೆ. ಬ್ಯಾಂಕ್ ಖಾತೆ, ತೆರಿಗೆ ಸಂಖ್ಯೆ, ವಾಸದ ಪರವಾನಗಿ ಎಲ್ಲದಕ್ಕೂ ಇದೇ ಬುನಾದಿ. ಸ್ವಲ್ಪ ದಿನಕ್ಕೆ ರೇಡಿಯೊ-ಟಿವಿ ಶುಲ್ಕದ ಪತ್ರ ಬರುತ್ತದೆ. ಮನೆಗೆ ತಿಂಗಳಿಗೆ 18.36 ಯೂರೊ. ಟಿವಿ ಇಲ್ಲ ಎಂದು ಎಸೆಯಬೇಡಿ, ಕಟ್ಟಲೇಬೇಕು. ಹಂಚಿಕೊಂಡ ಮನೆಯಾದರೆ ಎಲ್ಲರೂ ಸೇರಿ ಒಂದೇ ಶುಲ್ಕ ಕಟ್ಟಿದರೆ ಸಾಕು.

ವೇಳಾಪಟ್ಟಿಯಲ್ಲಿ ಗಂಟೆಯ ಪಕ್ಕ ‘ಸಿ.ಟಿ.’ ಎಂದಿದ್ದರೆ ತರಗತಿ ಹದಿನೈದು ನಿಮಿಷ ತಡವಾಗಿ ಶುರು. 10 ಸಿ.ಟಿ. ಎಂದರೆ 10.15. ‘ಎಸ್.ಟಿ.’ ಎಂದಿದ್ದರೆ ಸರಿಯಾಗಿ ಗಂಟೆಗೆ.

ಹಾಜರಾತಿಗೆ ಯಾರೂ ಬೆನ್ನು ಹತ್ತುವುದಿಲ್ಲ. ಇಂಟರ್ನಲ್ಸ್‌ನಿಂದ ಅಂಕ ಸೇರಿಕೊಂಡು ದಡ ಮುಟ್ಟುವ ಪದ್ಧತಿ ಬಹಳ ಕಡಿಮೆ. ಎಷ್ಟೋ ವಿಷಯಗಳಲ್ಲಿ ಕೊನೆಯ ಒಂದು ಪರೀಕ್ಷೆಯೇ ಪೂರ್ತಿ ಅಂಕ. ನಮ್ಮ ಹುಡುಗರು ಎಡವುವುದು ಇಲ್ಲೇ. ನವೆಂಬರ್, ಡಿಸೆಂಬರ್ ಆರಾಮವಾಗಿ ಕಳೆದು ಫೆಬ್ರವರಿಯಲ್ಲಿ ಒಂದೇ ಸಲ ಐದು ಪರೀಕ್ಷೆ ಎದುರಾಗುತ್ತವೆ.

ಪರೀಕ್ಷೆಗೆ ನೀವೇ ಆನ್‌ಲೈನ್‌ನಲ್ಲಿ ಹೆಸರು ಹಾಕಬೇಕು. ದಿನ ದಾಟಿದರೆ ಬರೆಯಲು ಬಿಡುವುದಿಲ್ಲ. ಎಷ್ಟು ಸಲ ಬೇಕಾದರೂ ಬರೆಯಬಹುದು ಎಂಬ ನಮ್ಮ ಬ್ಯಾಕ್‌ಲಾಗ್ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಕಡ್ಡಾಯ ವಿಷಯವೊಂದರಲ್ಲಿ ಕೊಟ್ಟ ಅವಕಾಶಗಳೆಲ್ಲ ಮುಗಿದರೆ ‘ಎಂಡ್‌ಗ್ಯುಲ್ಟಿಗ್ ನಿಖ್ಟ್ ಬೆಶ್ಟಾಂಡನ್’ ಎಂದು ಬರೆಯುತ್ತಾರೆ. ಅಂದರೆ ಕೊನೆಯದಾಗಿ ಫೇಲು. ಆಮೇಲೆ ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲಿ ಮುಂದುವರಿಸುವುದೂ ಬಹಳ ಕಷ್ಟ. ನಿಮ್ಮ ಕೋರ್ಸ್‌ನ ‘ಪ್ರ್ಯೂಫುಂಗ್ಸ್‌ಓರ್ಡ್‌ನುಂಗ್’, ಅಂದರೆ ಪರೀಕ್ಷಾ ನಿಯಮಾವಳಿ ತೆಗೆದು, ಎಷ್ಟು ಅವಕಾಶ ಇದೆ ಎಂದು ಮೊದಲ ತಿಂಗಳೇ ನೋಡಿಟ್ಟುಕೊಳ್ಳಿ. ಆರೋಗ್ಯ ಕೆಟ್ಟರೆ ಪರೀಕ್ಷೆಯ ದಿನವೇ ಡಾಕ್ಟರ ಪತ್ರ ಪಡೆಯಿರಿ.

ಪರೀಕ್ಷೆಯ ಗಡಿಬಿಡಿಯಲ್ಲೇ ಇನ್ನೊಂದು ದಿನಾಂಕ ಬಂದುಹೋಗುತ್ತದೆ. ಅದು ‘ರ್ಯುಕ್‌ಮೆಲ್ಡುಂಗ್’, ಮುಂದಿನ ಸೆಮಿಸ್ಟರಿಗೆ ಮತ್ತೆ ದಾಖಲಾಗುವುದು. ಶುಲ್ಕ ಕಟ್ಟದಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ, ಹೆಸರು ಹೋದರೆ ವಾಸದ ಪರವಾನಗಿಗೂ ಕುತ್ತು. ಈ ದಿನಾಂಕವನ್ನು ಫೋನಿನಲ್ಲಿ ಎರಡು ವಾರ ಮೊದಲೇ ನೆನಪಿಸುವ ಹಾಗೆ ಇಟ್ಟುಕೊಳ್ಳಿ. ಊರಿನಿಂದ ಹಣ ಬರಬೇಕಿದ್ದರೆ ಮನೆಯವರ ಫೋನಿನಲ್ಲೂ ಇರಲಿ.